ತೊಟ್ಟಿಲ ಧಾಟಿ

ಜೋಗುಳದ ನಡುವೆ ಜಾಹೀರಾತು ಬಂದರೆ ನನಗೆ ತಡೆಯುವುದಿಲ್ಲ. ಕುದಾಪುರದಲ್ಲಿ ನೆಂಟರ ಮನೆಯ ತೊಟ್ಟಿಲ ಶಾಸ್ತ್ರ. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿ, ಹಗ್ಗಕ್ಕೆ ಚೆಂಡುಹೂ ಸುತ್ತಿ, ಕೂಸಿಗೆ ಕುಲಾವಿ ಹಾಕಿ ಮಲಗಿಸಿದ್ದರು. ತಲೆದೆಸೆಯಲ್ಲಿ ಒಂದು ಮೊಬೈಲು. ಅದರೊಳಗಿಂದ ಯಾರೋ ಇಂಪಾದ ಕಂಠದವರು ಲಾಲಿ ಹಾಡುತ್ತಿದ್ದರು. ಹಿಂದೆ ಕೊಳಲು, ತಬಲ, ಎಲ್ಲ ಅಚ್ಚುಕಟ್ಟು. ಎರಡನೆಯ ನುಡಿ ಮುಗಿಯುವ ಹೊತ್ತಿಗೆ ಹಾಡು ಗಕ್ಕನೆ ನಿಂತು ಸಿಮೆಂಟಿನ ಜಾಹೀರಾತು ಶುರುವಾಯಿತು. ಕೂಸು ಬೆಚ್ಚಿ ಅತ್ತಿತು. ಒಬ್ಬ ಹುಡುಗಿ ಓಡಿ ಬಂದು ಮೊಬೈಲನ್ನು ಒತ್ತಿ ಸರಿಮಾಡಿದಳು. ಹಾಡು ಬಿಟ್ಟಲ್ಲಿಂದ ಮುಂದುವರಿಯಿತು, ಕೂಸಿನ ಅಳುವೂ ಮುಂದುವರಿಯಿತು.

ಅದೇ ನಡುಮನೆಯಲ್ಲಿ ಗೋಡೆಗೊರಗಿ ಎಲೆಅಡಿಕೆ ಹಾಕಿಕೊಳ್ಳುತ್ತ ಐದಾರು ಜನ ಮುದುಕಿಯರು ಕೂತಿದ್ದರು. ನಮ್ಮ ದೊಡ್ಡಮ್ಮನೂ ಇದ್ದಳು. ಎಂಟು ಹೆತ್ತು ಐದು ಉಳಿಸಿಕೊಂಡವಳು. ಊರ ಅರ್ಧ ಮಕ್ಕಳು ಅವಳ ಪದಕ್ಕೆ ಕಣ್ಣು ಮುಚ್ಚಿದವರೇ.

"ನೀನೊಂದು ಪದ ಹೇಳಬಾರದೇನ್ ದೊಡ್ಡಮ್ಮ?" ಎಂದೆ.

"ಯಾರ್ ಕೇಳ್ತಾರಪ್ಪ? ಪೋನೇ ಹೇಳ್ತೈತಲ್ಲ" ಎಂದಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಆದರೆ ಕೂಸಿನ ಅಳು ಜೋರಾದಾಗ ಅವಳಿಗೇ ಕೂತಿರಲಾಗಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ತೊಟ್ಟಿಲ ಹಗ್ಗ ಹಿಡಿದಳು. ಮೂರು ಸಾಲಿನ ಒಂದು ಪದ. ಮೂರನೆಯ ಸಾಲಿನ ಕೊನೆಯಲ್ಲಿ ದನಿಯನ್ನು ಎಳೆದು, ತುಸು ನಡುಗಿಸಿ, ಕೆಳಕ್ಕೆ ಬಿಟ್ಟಳು. ಉಳಿದ ಮುದುಕಿಯರು ಕೂತಲ್ಲಿಂದಲೇ ಆ ಕೊನೆಯನ್ನು ಎತ್ತಿಕೊಂಡರು. ನನ್ನ ಮೈ ಝುಮ್ಮೆಂದಿತು. ಈ ಧಾಟಿಯನ್ನು ನಾನು ಕೇಳಿದ್ದೆ, ಹೀಗೇ, ಇದೇ ಏರಿಳಿತದಲ್ಲಿ. ಆದರೆ ತೊಟ್ಟಿಲ ಬಳಿಯಲ್ಲಲ್ಲ.

ಕೇಳಿದ್ದು ದೊಡ್ಡಪ್ಪ ತೀರಿಕೊಂಡ ದಿನ. ಅಂಗಳದ ಬೇವಿನ ಮರದಡಿ ಕರಿಕಂಬಳಿ ಹಾಸಿ ಅವನನ್ನು ಮಲಗಿಸಿದ್ದರು. ಅವನ ಮದುವೆಯಲ್ಲಿ ಗದ್ದುಗೆಗೆ ಹಾಸಿದ್ದೂ ಅದೇ ಕಂಬಳಿ. ಚಳ್ಳಕೆರೆ ಸೀಮೆಯ ಕುರುಬರು ನೂಲಿಗೆ ಹುಣಸೆಬೀಜದ ಸರಿ ಹಚ್ಚಿ ನೇಯುತ್ತಾರೆ. ಹೊಸದರಲ್ಲಿ ಕಂಬಳಿ ಬಿರುಸು, ಮೈಗೆ ಚುಚ್ಚುತ್ತದೆ. ಹೊದ್ದು, ಹಾಸಿ, ಮಳೆಗೆ ಗೊಪ್ಪೆ ಹಾಕಿ, ಬಾಣಂತಿಯ ಬೆನ್ನಿಗೆ ಮಡಿಸಿಟ್ಟು ವರ್ಷಗಳು ಕಳೆದ ಮೇಲೆ ಅದು ಮೆತ್ತಗಾಗುತ್ತದೆ. ದೊಡ್ಡಪ್ಪನ ಕೆಳಗಿದ್ದದ್ದು ಹಾಗೆ ಪಳಗಿದ ಕಂಬಳಿ. ಅಂಚಿನಲ್ಲಿ ಎರಡು ಕಡೆ ದೊಡ್ಡಮ್ಮ ಬೇರೆ ಬಣ್ಣದ ದಾರದಲ್ಲಿ ತೇಪೆ ಹಾಕಿದ್ದು ಕಾಣುತ್ತಿತ್ತು.

ಅವನ ಅಕ್ಕ, ನನ್ನ ಸೋದರತ್ತೆ, ಬಂದವಳೇ ತಲೆಯ ಬಳಿ ಕೂತು ಹಾಡಿಕೊಂಡು ಅಳತೊಡಗಿದಳು. ನಮ್ಮ ಕಡೆ ಹೆಂಗಸರು ಹಾಗೇ ಅಳುವುದು. ಬರಿಯ ಅಳು ಗಂಡಸರದ್ದು. ಅತ್ತೆ ಅವನ ಸಾವಿನ ಮಾತನ್ನೇ ಎತ್ತಲಿಲ್ಲ. ಅವನು ಹುಟ್ಟಿದ ರಾತ್ರಿಯಿಂದ ಹಿಡಿದಳು. ಸೂಲಗಿತ್ತಿಯನ್ನು ಕರೆಯಲು ಯಾರು ಹೋದರು, ಹಳ್ಳ ಹೇಗೆ ತುಂಬಿ ಬಂದಿತ್ತು, ಮೊದಲ ಅಳು ಎಷ್ಟು ಹೊತ್ತು ಕೇಳಿಸಲಿಲ್ಲ, ಜವಳ ತೆಗೆಸುವಾಗ ಯಾರ ತೊಡೆಯ ಮೇಲೆ ಕೂತಿದ್ದ, ಮೊದಲು ನೇಗಿಲು ಹಿಡಿದಾಗ ಯಾವ ಎತ್ತು ಅವನನ್ನು ಎಳೆದುಕೊಂಡು ಹೋಯಿತು. ಮದುವೆ, ಮಕ್ಕಳು, ಉಳಿಯದೆ ಹೋದ ಮಕ್ಕಳು, ಬರ, ಮಾರಿದ ಹೊಲ, ಬಿಡಿಸಿಕೊಂಡ ಹೊಲ. ಎಲ್ಲವೂ ಮೂರು ಮೂರು ಸಾಲಿನಲ್ಲಿ. ಸಾಲಿನ ಕೊನೆಗೆ ದನಿಯನ್ನು ಎಳೆದು, ತುಸು ನಡುಗಿಸಿ, ಕೆಳಕ್ಕೆ. ಹೆಣದ ಮುಂದೆ ಕೂತ ನಮಗೆಲ್ಲ ಒಬ್ಬ ಮನುಷ್ಯ ಹುಟ್ಟಿ ಬೆಳೆದು ಬಾಳಿದ್ದು ಕಣ್ಣೆದುರಿಗೆ ನಡೆದು ಹೋಯಿತು. ಕೊನೆಗೆ, ಮೊಮ್ಮಗಳ ಹೊಟ್ಟೆಯಲ್ಲಿ ಹುಟ್ಟಿ ಬಾರಪ್ಪ ಎಂದು ಕರೆದಳು. ಅಲ್ಲಿಗೆ ಪದ ನಿಂತಿತು, ತಮಟೆಯವರು ಎದ್ದರು.

ಹುಟ್ಟು, ಬಾಳು, ಸಾವಿನ ಚಕ್ರದ ಬಗ್ಗೆ ಕವಿಗಳು ಏನು ಹೇಳಿದ್ದಾರೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಅತ್ತೆ, ಆಮೇಲೆ ಪುಸ್ತಕ. ಹುಟ್ಟಿಗೊಂದು ಛಂದಸ್ಸು, ಸಾವಿಗೊಂದು ಛಂದಸ್ಸು ಎಂದು ನಮ್ಮ ಹೆಂಗಸರು ಇಟ್ಟುಕೊಳ್ಳಲಿಲ್ಲ. ತೊಟ್ಟಿಲು ತೂಗುವ, ರಾಗಿ ಬೀಸುವ, ಸೋಬಾನೆ ಹೇಳುವ, ಹೆಣದ ಮುಂದೆ ಕೂರುವ ಬಾಯಿ ಒಂದೇ. ಅದಕ್ಕೆ ಒಗ್ಗಿದ್ದು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಬಂಡೆಯ ಮೇಲೆ ಸುಮಾರು 1300 ವರ್ಷದ ಹಿಂದೆಯೇ ಕಾಣಿಸಿಕೊಂಡ ಆ ಮೂರು ಸಾಲು, ಓದು ಬರಹ ಇಲ್ಲದ ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದೆ ಉಳಿದುಕೊಂಡು ಬಂತು. ಎರಡು ಸಾಲಿಗೆ ಎದೆ ತುಂಬುವುದಿಲ್ಲ, ನಾಲ್ಕು ಸಾಲಿಗೆ ಉಸಿರು ಸಾಲದು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಚಳ್ಳಕೆರೆ ತಾಲ್ಲೂಕಿನವಳೇ ಆದ ಸಿರಿಯಜ್ಜಿಯನ್ನು ಇಲ್ಲಿ ನೆನೆಯದಿದ್ದರೆ ಆಗದು. ಯಲಗಟ್ಟೆ ಗೊಲ್ಲರಹಟ್ಟಿಯ ಕಾಡುಗೊಲ್ಲರ ಹೆಣ್ಣುಮಗಳು. ಅಕ್ಷರ ಕಲಿತವಳಲ್ಲ, ನಾಲಿಗೆಯ ಮೇಲೆ ಸಾವಿರಾರು ಪದ. ಕೃಷ್ಣಮೂರ್ತಿ ಹನೂರರು ಅವಳ ಪದಗಳನ್ನು ಕೇಳಿ, ಬರೆದುಕೊಂಡು 'ಸಾವಿರದ ಸಿರಿಬೆಳಗು' ಎಂಬ ಪುಸ್ತಕ ಮಾಡಿದರು. ಅದನ್ನು ಓದುವಾಗ ಪದಗಳು ಒಂದರ ಕೈ ಒಂದು ಹಿಡಿದು ಬರುತ್ತವೆ. ಹೆರಿಗೆಯ ಪದದ ಪಕ್ಕದಲ್ಲಿ ದೇವರ ದನದ ಪದ, ಅದರ ಪಕ್ಕದಲ್ಲಿ ತವರಿನದು, ಅಗಲಿದವರದು. ವಿಷಯವಾರು ವಿಂಗಡಿಸಿ ಓದುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಹಟ್ಟಿಯಲ್ಲಿ ಬದುಕಿದ್ದವರಿಗೆ ಅವು ಬೇರೆ ಬೇರೆಯಾಗಿ ಬರಲೂ ಇಲ್ಲ.

ಆದರೆ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಅನೇಕ ಗೊಲ್ಲರಹಟ್ಟಿಗಳಲ್ಲಿ ಹೆತ್ತ ತಾಯಿ, ಹಸುಗೂಸು ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಗುಡಿಸಲಲ್ಲಿ ದಿನ ಕಳೆಯಬೇಕಾದ ಕಟ್ಟು ಇತ್ತು. ಕೆಲವು ಕಡೆ ಇನ್ನೂ ಇದೆ. ಮಳೆಯಾಗಲಿ, ಚಳಿಯಾಗಲಿ, ಹುಳಹುಪ್ಪಟೆಯಾಗಲಿ, ಅಲ್ಲೇ. ಜೋಗುಳಗಳಲ್ಲಿ ಹಾವು ಚೇಳಿನ ಭಯ, ಕಣ್ಣು ತಾಗುವ ಭಯ ಅಷ್ಟೊಂದು ಬರುವುದು ಏಕೆಂದು ಆ ಗುಡಿಸಲುಗಳನ್ನು ನೋಡಿದವರಿಗೆ ಗೊತ್ತು. ಕೂಸನ್ನು ಮಲಗಿಸುವ ಪದದೊಳಗೇ ಕೂಸು ಉಳಿಯಲಿ ಎಂಬ ಮೊರೆ ಸೇರಿಕೊಂಡಿರುತ್ತದೆ. ಆ ಕಟ್ಟು ಹೋಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಬಾಣಂತಿ ಬೆಚ್ಚಗೆ ಮನೆಯೊಳಗೆ ಇದ್ದು ಅದೇ ಪದ ಹೇಳಲಿ. ಪದಕ್ಕೆ ಅದರಿಂದ ಏನೂ ಕಮ್ಮಿಯಾಗದು.

ಪುಸ್ತಕದ ಕವಿಗಳು ನನಗೆ ಸಿಕ್ಕಿದ್ದು ಕಾಲೇಜಿಗೆ ಹೋದ ಮೇಲೆ. ಪಂಪ 'ಆದಿಪುರಾಣ'ದಲ್ಲಿ ಒಂದೇ ಜೀವವನ್ನು ಜನ್ಮದಿಂದ ಜನ್ಮಕ್ಕೆ ನಡೆಸಿಕೊಂಡು ಬರುತ್ತಾನೆ. 941ರಲ್ಲಿ ಬರೆದ ಕಾವ್ಯ. ಅದರಲ್ಲಿ ನೀಲಾಂಜನೆ ಎಂಬ ನರ್ತಕಿ ಆದಿದೇವನ ಸಭೆಯಲ್ಲಿ ಕುಣಿಯುತ್ತ ಕುಣಿಯುತ್ತಲೇ ಇಲ್ಲವಾಗುತ್ತಾಳೆ. ಇಂದ್ರ ಅವಳಂಥವಳನ್ನೇ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತಾನೆ, ಸಭೆಗೆ ತಿಳಿಯುವುದೇ ಇಲ್ಲ. ತಿಳಿದದ್ದು ಆದಿದೇವನೊಬ್ಬನಿಗೆ, ಅವನು ಎದ್ದು ಹೊರಟುಬಿಡುತ್ತಾನೆ. ಆ ಭಾಗವನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸಭೆಯಲ್ಲಿ ಒಬ್ಬರಾದರೂ ನೀಲಾಂಜನೆಗಾಗಿ ಹಾಡಿಕೊಂಡು ಅಳಬೇಕಿತ್ತು. ಅವಳು ಎಲ್ಲಿ ಹುಟ್ಟಿದಳು, ಕುಣಿತ ಯಾರಿಂದ ಕಲಿತಳು ಎಂದು ಎಣಿಸಿ ಹೇಳುವ ಅಕ್ಕ ಅವಳಿಗೆ ಇರಲಿಲ್ಲ.

ಜನ್ನನ 'ಯಶೋಧರ ಚರಿತೆ' 1209ರದು. ರಜೆಯಲ್ಲಿ ಊರಿಗೆ ಬಂದಾಗ ಆ ಕತೆಯನ್ನು ದೊಡ್ಡಮ್ಮನಿಗೆ ಹೇಳಿದ್ದೆ. ರಾಜ, ಅವನ ತಾಯಿ, ದೇವಿಗೆ ಜೀವದ ಕೋಳಿ ಬೇಡವೆಂದು ಹಿಟ್ಟಿನ ಕೋಳಿ ಮಾಡಿ ಬಲಿ ಕೊಟ್ಟದ್ದು, ಆ ಸಂಕಲ್ಪದ ಪಾಪಕ್ಕೆ ಇಬ್ಬರೂ ನವಿಲಾಗಿ, ನಾಯಾಗಿ, ಒಂದಾದ ಮೇಲೊಂದು ಪ್ರಾಣಿಯ ಹೊಟ್ಟೆಯಲ್ಲಿ ಹುಟ್ಟಿ, ಕೊನೆಗೆ ಕೋಳಿಗಳೇ ಆಗಿ ಹುಟ್ಟಿದ್ದು. ದೊಡ್ಡಮ್ಮ ರಾಗಿ ಹಸನು ಮಾಡುತ್ತಿದ್ದವಳು ಮೊರ ನಿಲ್ಲಿಸಿದಳು. ಮಾರಮ್ಮನಿಗೆ ವರ್ಷಕ್ಕೊಮ್ಮೆ ಕೋಳಿ ಕೊಯ್ಯುವ ಮನೆ ನಮ್ಮದು. ಬಹಳ ಹೊತ್ತು ಏನೂ ಅನ್ನಲಿಲ್ಲ.

"ಹಂಗಾದ್ರೆ ನಮ್ಮ ಬಾಗ್ಲಲ್ ಬಿದ್ದಿರೋ ನಾಯಿ ಯಾರಿರಬೈದಪ್ಪ?" ಎಂದು ಕೇಳಿದಳು.

ಆ ರಾತ್ರಿ ನಾಯಿಗೆ ಅರ್ಧ ಮುದ್ದೆ ಹೆಚ್ಚು ಬಿತ್ತು. ಅವತ್ತಿನಿಂದ ಅದಕ್ಕೆ ಯಾರೂ ಕಲ್ಲೆಸೆಯುವಂತಿರಲಿಲ್ಲ. ವಿಮರ್ಶಕರು ಜನ್ನನ ಬಗ್ಗೆ ಬರೆದದ್ದನ್ನು ಆಮೇಲೆ ಸಾಕಷ್ಟು ಓದಿದ್ದೇನೆ, ಆ ಅರ್ಧ ಮುದ್ದೆಯಷ್ಟು ಕಾವ್ಯಕ್ಕೆ ಹತ್ತಿರವಾದದ್ದು ಕಡಿಮೆ.

ಅತ್ತೆ ಕರೆದದ್ದಕ್ಕೋ ಏನೋ, ತೊಟ್ಟಿಲಲ್ಲಿದ್ದ ಈ ಕೂಸು ದೊಡ್ಡಪ್ಪನ ಮೊಮ್ಮಗಳದೇ. ಗಂಡು. ಕಿವಿಯಲ್ಲಿ ಊದಿದ್ದು ದೊಡ್ಡಪ್ಪನ ಹೆಸರನ್ನೇ. ಹಿರಿಯರ ಹೆಸರಿಟ್ಟ ಮಗುವನ್ನು ನಮ್ಮ ಮನೆಗಳಲ್ಲಿ ಹೆಸರು ಹಿಡಿದು ಗದರುವಂತಿಲ್ಲ. ದೊಡ್ಡಮ್ಮನಂತೂ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳೇ ಅಲ್ಲ, ಈಗ ಮರಿಮಗನನ್ನು ಹೇಗೆ ಕರೆದಾಳು? "ಯಜಮಾನ" ಎನ್ನುತ್ತಾಳೆ. ಯಜಮಾನ ಹಾಲು ಕುಡೀತೇನವ್ವ, ಯಜಮಾನ ಯಾಕ್ ಅಳ್ತಾನೆ ನೋಡ್ರೇ. ಮೊಮ್ಮಗಳು ಕೂಸನ್ನು "ತಾತ" ಎನ್ನುತ್ತಾಳೆ. ಮೂರು ತಿಂಗಳ ತಾತನಿಗೆ ಕಾಡಿಗೆ ಹಚ್ಚಿ, ಕೆನ್ನೆಗೆ ಬೊಟ್ಟಿಟ್ಟು, ಕಾಲು ನೀಡಿ ಅದರ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದನ್ನು ನೋಡಿದೆ. ಪಂಪನ ಭವಾವಳಿ ಓದಿ ಪಟ್ಟ ಸುಖಕ್ಕಿಂತ ಇದು ಸಣ್ಣದಲ್ಲ.

ಶಾಸ್ತ್ರ ಮುಗಿದ ಸಂಜೆ ಒಬ್ಬನೇ ಕಾವಲಿನ ಕಡೆ ನಡೆದೆ. ಕುದಾಪುರದ ಕಾವಲು ಅಮೃತ ಮಹಲ್ ದನಗಳ ಹುಲ್ಲುಗಾವಲು. ಮೈಸೂರು ಅರಸರು ಬೆಳೆಸಿದ, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ತಳಿ. ಈಗ ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಆವರಣವಿದೆ. ಅಕ್ಕಪಕ್ಕದ ಕಾವಲುಗಳಲ್ಲಿ ಅಣು, ಬಾಹ್ಯಾಕಾಶ, ರಕ್ಷಣೆಯ ಸಂಸ್ಥೆಗಳೂ ಬಂದಿವೆ. ಶಾಲೆಯ ಮೇಷ್ಟ್ರುಗಳು ತರಬೇತಿಗೆ ದೂರದಿಂದ ಬರುತ್ತಾರೆ, ಅದು ಒಳ್ಳೆಯದೇ. ಕುರಿದನ ಮೇಯಿಸುತ್ತಿದ್ದವರ ದಾರಿಗೆ ಗೋಡೆ ಅಡ್ಡ ಬಂತು, ಆ ನೋವೂ ನಿಜವೇ. ಹುಲ್ಲು ಮಾತ್ರ ಗೋಡೆಯ ಎರಡೂ ಕಡೆ ಒಂದೇ. ಸಂಕ್ರಾಂತಿ ದಾಟಿದರೆ ಬೂದಿಬಣ್ಣಕ್ಕೆ ತಿರುಗಿ, ಶಿವರಾತ್ರಿ ಹೊತ್ತಿಗೆ ಸತ್ತೇ ಹೋಯಿತೆಂಬಂತೆ ಪುಡಿಯಾಗಿ, ಭರಣಿಯ ಮಳೆ ಒಂದು ಹದ ಬಿದ್ದರೆ ವಾರದೊಳಗೆ ಹಸಿರು. ಗಿಡಮರಕ್ಕೆ ವರ್ಷ ವರ್ಷವೂ ಹೊಸ ಹುಟ್ಟಿರುವಾಗ ನಮಗೇಕೆ ಒಂದೇ ಜನ್ಮ ಎಂದು ಬೇಂದ್ರೆ 'ಯುಗಾದಿ' ಪದ್ಯದಲ್ಲಿ ಕೇಳಿದ್ದನ್ನು ಮಕ್ಕಳು ಹಬ್ಬದ ದಿನ ಕುಣಿಯುತ್ತ ಹಾಡುತ್ತಾರೆ. ಹೆತ್ತ ಮಕ್ಕಳನ್ನು ಮಣ್ಣಿಗೆ ಕೊಟ್ಟ ತಂದೆ ಅವರು. ಆ ಪ್ರಶ್ನೆಯ ಭಾರ ಗೊತ್ತಿದ್ದೂ ಅದನ್ನು ಕುಣಿಯುವ ಧಾಟಿಗೆ ಇಳಿಸಿದ್ದು ಅವರ ದೊಡ್ಡತನ.

ಕಾವಲಿನಾಚೆ ಶೇಂಗಾ ಹೊಲಗಳು. ನಮ್ಮ ಸೀಮೆಯ ಹೊಟ್ಟೆಪಾಡು ಅದೇ, ಚಳ್ಳಕೆರೆಯ ಎಣ್ಣೆ ಗಿರಣಿಗಳು ನಡೆದದ್ದೂ ಅದರಿಂದಲೇ. ಶೇಂಗಾ ಹೂ ಬೆಳಕಿನಲ್ಲಿ ಅರಳುತ್ತದೆ. ಬಾಡಿದ ಮೇಲೆ ಅದರ ಬುಡದಿಂದ ಒಂದು ಸಣ್ಣ ಮೊನೆ ಹೊರಟು, ಬಾಗಿ, ಮಣ್ಣಿಗೆ ಇಳಿದು ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಇದನ್ನು ದಿನಾ ನೋಡುವವರಿಗೆ ಮಣ್ಣು ಮಾಡುವುದೆಂದರೆ ಮುಗಿಸುವುದು ಎಂದು ಅನ್ನಿಸದಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಸೀಮೆಯ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವಕ್ಕೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ. ಕಿಲಾರಿಗಳು ಅವುಗಳೊಂದಿಗೇ ಅಡವಿಯಲ್ಲಿ ಇರುತ್ತಾರೆ. ಬರ ಬಂದಾಗ ತಮಗಿಲ್ಲದಿದ್ದರೂ ಅವಕ್ಕೆ ಮೇವು ಹೊಂದಿಸುತ್ತಾರೆ. ಅಂಥ ಎತ್ತೊಂದು ಸತ್ತರೆ ಮನೆಯ ಹಿರಿಯನನ್ನು ಮಣ್ಣು ಮಾಡುವಂತೆಯೇ ಪೂಜೆ ಮಾಡಿ, ಉರುಮೆ ಬಾರಿಸಿ ಮಣ್ಣು ಮಾಡುತ್ತಾರೆ. ಇಂಥ ನೆಲದಲ್ಲಿ ಗೋವಿನ ಹಾಡನ್ನು ಕಲಿತ ಮಕ್ಕಳು ನಾವು. ಕರುವಿಗೆ ಕೊನೆಯ ಸಲ ಹಾಲು ಕೊಟ್ಟು ಬರುತ್ತೇನೆಂದು ಹುಲಿಯಿಂದ ಬಿಡುವು ಪಡೆದು ಬಂದ ಹಸು, ಕರುವನ್ನು ಒಡಹುಟ್ಟಿದವರ ಕೈಗೆ ಒಪ್ಪಿಸಿ ಹಿಂತಿರುಗುತ್ತದೆ. ನಮ್ಮ ತರಗತಿಯಲ್ಲಿ ಆ ಜಾಗಕ್ಕೆ ಬಂದಾಗ ಮಾತು ಹೊರಡುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ತಾಯಿಯಿಲ್ಲದ ಹುಡುಗನೊಬ್ಬ ಕೂರುತ್ತಿದ್ದ. ಮೇಷ್ಟ್ರು ಅವನನ್ನು ಯಾವುದಾದರೂ ನೆಪದಲ್ಲಿ ಹೊರಗೆ ಕಳಿಸಿ ಆ ಭಾಗ ಹೇಳಿಕೊಡುತ್ತಿದ್ದರು. ಸಾವು ಯಾರನ್ನು ಹೇಗೆ ಮುಟ್ಟುತ್ತದೆಂದು ಪದ್ಯ ಕಲಿಸುವವರಿಗೆ ಗೊತ್ತಿರಬೇಕು, ಅವರಿಗೆ ಗೊತ್ತಿತ್ತು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದವರು ಅಶೋಕನ ಶಾಸನ ನೋಡಿ ಬರುತ್ತಾರೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂದು ಬಂಡೆಯ ಮೇಲಿದೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅಲ್ಲಿಯ ಕಲ್ಲಿನ ಗೋರಿಗಳು. 1947ರಲ್ಲಿ ಪುರಾತತ್ವಜ್ಞ ವೀಲರ್ ಅವನ್ನು ಅಗೆಸಿದರು. ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಪೆಟ್ಟಿಗೆ, ಸುತ್ತ ಗುಂಡುಗಳ ಬಳೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಮಡಕೆ, ಕಬ್ಬಿಣ, ಮೂಳೆ. ಆ ಕಂಡಿಯನ್ನು ಅಷ್ಟು ನಯವಾಗಿ ಕೊರೆದವರು ತಮ್ಮವರನ್ನು ಸುಮ್ಮನೆ ಒಳಗಿಟ್ಟು ಎದ್ದು ಬಂದಿರಲಾರರು. ಯಾರೋ ಒಬ್ಬಳು ಅಲ್ಲಿ ಕೂತು ಅವನು ಹುಟ್ಟಿದ ರಾತ್ರಿಯಿಂದ ಹೇಳಿರಬೇಕು ಎಂದು ನಾನು ನಂಬುತ್ತೇನೆ. ಅವಳ ಭಾಷೆ ಯಾವುದೋ, ಸಾಲು ಎಷ್ಟೋ.

ಬೆಳಗೆರೆಯೂ ನಮ್ಮ ತಾಲ್ಲೂಕಿನದೇ. 'ಯೇಗ್ದಾಗೆಲ್ಲಾ ಐತೆ' ಬರೆದ ಬೆಳಗೆರೆ ಕೃಷ್ಣಶಾಸ್ತ್ರಿಗಳು ತೊಂಬತ್ತು ದಾಟಿ ತುಂಬು ಬಾಳು ಬಾಳಿದರು, 2013ರಲ್ಲಿ ಹೋದರು. ಅವರ ಸೋದರಿ ಜಾನಕಮ್ಮ ಕವಿ. ಕನ್ನಡದಲ್ಲಿ ಹೆಣ್ಣುಮಕ್ಕಳು ಪದ್ಯ ಬರೆದು ಅಚ್ಚು ಮಾಡಿಸುವುದು ಅಪರೂಪವಾಗಿದ್ದ ಕಾಲದಲ್ಲಿ ಬರೆದವರು, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಒಂದೇ ಮನೆಯ ಇಬ್ಬರಲ್ಲಿ ಒಬ್ಬರಿಗೆ ಅಷ್ಟು, ಒಬ್ಬರಿಗೆ ಇಷ್ಟು. ಜಾನಕಮ್ಮನವರ ಪದ್ಯಗಳನ್ನು ನಮ್ಮ ತಾಲ್ಲೂಕಿನ ಪ್ರತಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಓದಿಸಬೇಕು. ಬೇರೆ ಊರಿನವರು ಓದಿಸಲಿ ಎಂದು ಕಾಯುವುದು ಸರಿಯಲ್ಲ.

ಹಾಡಿಕೊಂಡು ಅಳುವುದು ಈಗ ಕಡಿಮೆಯಾಗಿದೆ. ಹೆಣ ಒಯ್ಯುವ ಗಾಡಿಯಲ್ಲೇ ಭಜನೆಯ ಧ್ವನಿಮುದ್ರಿಕೆ ಇರುತ್ತದೆ. ಓದಿದ ಹೆಣ್ಣುಮಕ್ಕಳಿಗೆ ನಾಲ್ಕು ಜನರೆದುರು ದನಿ ಎತ್ತಲು ಸಂಕೋಚ. ಒಮ್ಮೆ ದೊಡ್ಡಮ್ಮನನ್ನೇ ಕೇಳಿದ್ದೆ, ಅಷ್ಟು ದುಃಖದಲ್ಲಿ ಪದ ಹೇಗೆ ಜೋಡಿಸಿಕೊಂಡು ಬರುತ್ತದೆ ಎಂದು.

"ಪದ ಹೇಳಿದ್ರೆ ಅಳು ಒಂದ್ ಹಾದೀಗ್ ಬರ್ತೈತೆ ಕಣಪ್ಪ" ಎಂದಳು. "ಇಲ್ದಿದ್ರೆ ಎದ್ಯಾಗೆ ಕುಂತ್ಕಂಬಿಡ್ತೈತೆ."

ನನ್ನ ತಂಗಿಯ ಸೊಸೆ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ದೊಡ್ಡಮ್ಮನಿಂದ ಕಲಿತ ಪದಗಳನ್ನು ಹೇಳುತ್ತಾಳಂತೆ, ಮಕ್ಕಳು ಬೇಗ ಮಲಗುತ್ತಾರಂತೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ತೋರಿಸಿದಳು. ಜೋಗುಳ ಇವೆ, ಸೋಬಾನೆ ಇವೆ, ಬೀಸುವ ಪದ ಇವೆ. ಅಳುವ ಪದ ಮಾತ್ರ ಇಲ್ಲ. ಯಾಕೆಂದರೆ, ಯಾರೂ ಸಾಯದೆ ಅದನ್ನು ಹೇಳಿಸಬಾರದು ಎಂದು ದೊಡ್ಡಮ್ಮ ಒಪ್ಪಲಿಲ್ಲವಂತೆ. ಅದು ನ್ಯಾಯವೇ. ಆದರೆ ಸೋದರತ್ತೆಗೆ ಆ ಹೆದರಿಕೆಯಿಲ್ಲ. ಹೊಲದಲ್ಲಿ ಕೂತು, ಮನೆಯಿಂದ ದೂರದಲ್ಲಿ ಹೇಳಿದರೆ ದೋಷವಿಲ್ಲ ಎನ್ನುತ್ತಾಳೆ ಅವಳು. ಈಗ ಓಬಳಾಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ಶೇಂಗಾ ಕೀಳುವ ಕೆಲಸ ಮುಗಿದ ಮೇಲೆ ಬನ್ನಿ, ಹೊಲದ ಬದುವಿನ ಮೇಲೆ ಕೂತು ಹೇಳಿಕೊಡುತ್ತೇನೆ ಎಂದು ಹೇಳಿ ಕಳಿಸಿದ್ದಾಳೆ. ತಂಗಿಯ ಸೊಸೆ ಹೊಸ ನೋಟ್‌ಬುಕ್ಕು ತಂದಿಟ್ಟುಕೊಂಡಿದ್ದಾಳೆ, ನಾನೂ ಹೋಗುತ್ತೇನೆ.